ಹದಿನೇಳು ತಿಂಗಳ ಒಂದು ವರ್ಷ

ಹಾಲಿವುಡ್ಡಿನ ಚಲಚ್ಚಿತ್ರ ಅಕಾಡೆಮಿ ನೀಡುವ, ಲೋಕವೆಲ್ಲ ಆಸ್ಕರ್ ಎಂಬ ಸಲಿಗೆಯ ಹೆಸರಿನಿಂದ ಕರೆಯುವ ಪಾರಿತೋಷಕಗಳ ಪಟ್ಟಿಯನ್ನು ಮೊದಲಿನಿಂದ ಓದುತ್ತ ಬಂದವರಿಗೆ ಆರಂಭದ ಪುಟಗಳಲ್ಲಿಯೇ ಕೆಲವು ವಿಲಕ್ಷಣ ಸಂಗತಿಗಳು ಎದುರಾಗುತ್ತವೆ. 1930ನೆಯ ಇಸವಿಯಲ್ಲಿ ಪ್ರದಾನ ಸಮಾರಂಭ ಎರಡು ಬಾರಿ ನಡೆದಿದೆ, ಏಪ್ರಿಲ್ 3ರಂದು ಒಮ್ಮೆ, ನವೆಂಬರ್ 5ರಂದು ಮತ್ತೊಮ್ಮೆ. 1933ರಲ್ಲಿ ಒಂದು ಬಾರಿಯೂ ನಡೆದಿಲ್ಲ. ಮೊದಲ ಆರು ಸಾಲುಗಳಿಗೆ 1927-28, 1928-29 ಎಂಬಂತೆ ಜೋಡಿವರ್ಷದ ಹೆಸರುಗಳಿದ್ದು, ಏಳನೆಯದು ಥಟ್ಟನೆ 1934 ಎಂಬ ಒಂಟಿ ಇಸವಿಯಾಗಿ ನಿಲ್ಲುತ್ತದೆ. ಈ ಎರಡು ಪದ್ಧತಿಗಳ ಸಂಧಿಯಲ್ಲಿ ಹದಿನೇಳು ತಿಂಗಳ ಉದ್ದದ ಒಂದು 'ವರ್ಷ' ಅಡಗಿಕೊಂಡಿದೆ. ಕಲಾಕೃತಿಗಳಿಗೆ ಬಹುಮಾನ ಕೊಡಹೊರಟವರು ಯಾವುದು ಶ್ರೇಷ್ಠವೆಂಬ ಪ್ರಶ್ನೆಗೆ ಬರುವ ಮುನ್ನವೇ ಎಂದಿನಿಂದ ಎಂದಿನವರೆಗೆ ಎಂಬ ಪ್ರಶ್ನೆಯನ್ನು ಇತ್ಯರ್ಥಪಡಿಸಿಕೊಳ್ಳಬೇಕಾಗುತ್ತದೆ. ಯಾವ ಕೃತಿ ಯಾವುದರ ಎದುರು ನಿಲ್ಲಬೇಕೆಂಬುದು ಆ ನಿರ್ಣಯದಿಂದಲೇ ನಿಶ್ಚಿತವಾಗುವುದರಿಂದ, ಕಾಲದ ಈ ಗೆರೆಯನ್ನು ಎಳೆದ ಕೈಗಳು ತೀರ್ಪಿನಲ್ಲಿ ಅರ್ಧ ಪಾಲನ್ನು ಆಗಲೇ ಬರೆದು ಮುಗಿಸಿರುತ್ತವೆ ಎಂದು ನಾನು ನಂಬುತ್ತೇನೆ.

ಅಕಾಡೆಮಿ ಹುಟ್ಟಿದುದು 1927ರಲ್ಲಿ. ಆ ವರ್ಷದ ಜನವರಿಯಲ್ಲಿ ಲೂಯಿ ಬಿ. ಮೇಯರ್ ಅವರ ಮನೆಯಲ್ಲಿ ಮೊಳೆತ ಆಲೋಚನೆ ಮೇ 11ರಂದು ಲಾಸ್ ಏಂಜಲೀಸಿನ ಬಿಲ್ಟ್‌ಮೋರ್ ಹೋಟೆಲಿನ ಭೋಜನಕೂಟದಲ್ಲಿ ಸಾರ್ವಜನಿಕ ರೂಪವನ್ನು ತಾಳಿತು. ಡಗ್ಲಾಸ್ ಫೇರ್‌ಬ್ಯಾಂಕ್ಸ್ ಮೊದಲ ಅಧ್ಯಕ್ಷರಾದರು. ಪಾರಿತೋಷಕಗಳ ಯೋಜನೆ ಸಿದ್ಧವಾದಾಗ ಅಕಾಡೆಮಿಯವರು ಗೊತ್ತುಮಾಡಿಕೊಂಡ ಮೊದಲ ಅವಧಿ 1927ರ ಆಗಸ್ಟ್ 1ರಿಂದ 1928ರ ಜುಲೈ 31ರವರೆಗೆ. ಇಂದಿನ ಓದುಗನಿಗೆ ಇದು ಅಸಂಗತವೆಂದು ತೋರಬಹುದು. ಆದರೆ ಉಗಾದಿಗೆ ಪಂಚಾಂಗದ ವರ್ಷ, ದೀಪಾವಳಿಗೆ ವರ್ತಕರ ಲೆಕ್ಕದ ವರ್ಷ, ಏಪ್ರಿಲಿಗೆ ಸರಕಾರದ ವರ್ಷ, ಜೂನಿಗೆ ಶಾಲೆಯ ವರ್ಷ ಎಂದು ನಾಲ್ಕಾರು ವರ್ಷಗಳನ್ನು ಏಕಕಾಲದಲ್ಲಿ ಬಾಳುವ ನಮಗೆ, ಅಮೆರಿಕದ ಚಿತ್ರೋದ್ಯಮಕ್ಕೂ ತನ್ನದೇ ಆದ ವರ್ಷವೊಂದು ಇತ್ತೆಂಬುದು ಆಶ್ಚರ್ಯವಾಗಬೇಕಾದುದಿಲ್ಲ. ಚಲಚ್ಚಿತ್ರ ಅಲ್ಲಿ ನಾಟಕಶಾಲೆಯ ಪಂಕ್ತಿಯಲ್ಲಿ ಬೆಳೆದ ಕಲೆ. ತಂಪುಗಾಳಿಯ ಯಂತ್ರಗಳು ಬರುವುದಕ್ಕೆ ಮುಂಚೆ ಬೇಸಗೆಯ ಸೆಖೆಯಲ್ಲಿ ಮುಚ್ಚಿದ ಸಭಾಂಗಣದೊಳಗೆ ಜನರನ್ನು ಕೂಡಿಸುವುದು ಕಷ್ಟವಾಗಿದ್ದುದರಿಂದ, ಬೇಸಗೆ ಕಳೆದು ಶರತ್ಕಾಲ ಮೊದಲಾಗುವಾಗ ನಾಟಕಗಳ ಋತು ಆರಂಭವಾಗಿ ಮುಂದಿನ ಬೇಸಗೆಯ ಹೊತ್ತಿಗೆ ಮುಗಿಯುತ್ತಿತ್ತು. ಸ್ಟುಡಿಯೋಗಳೂ ಈ ಋತುವನ್ನೇ ಅನುಸರಿಸಿ, ಮುಂದಿನ ಹನ್ನೆರಡು ತಿಂಗಳಲ್ಲಿ ತಾವು ತಯಾರಿಸಲಿರುವ ಚಿತ್ರಗಳನ್ನು, ಇನ್ನೂ ಒಂದಡಿ ಸುರುಳಿ ತಿರುಗದಿರುವಾಗಲೇ, ಚಿತ್ರಮಂದಿರಗಳ ಒಡೆಯರಿಗೆ ಒಟ್ಟುಗಂಟಾಗಿ ಮಾರುತ್ತಿದ್ದುವು. ಹೀಗೆ ಆಗಸ್ಟಿನಿಂದ ಜುಲೈಯವರೆಗಿನ ಗಣನೆ ವ್ಯಾಪಾರದ ಲಯಕ್ಕೆ ಒಪ್ಪುವಂಥದಾಗಿತ್ತು; ಉದ್ಯಮದ ಒಳಗಿನವರಿಗೆ, ಒಳಗಿನವರೇ ಕೊಡುವ ಮನ್ನಣೆಗೆ ಅದಕ್ಕಿಂತ ಸ್ವಾಭಾವಿಕವಾದ ವರ್ಷ ಬೇರೆ ಇರಲಿಲ್ಲ.

ತೊಡಕು ಬಂದುದು ಅವಧಿಯ ಆರಂಭದಿಂದಲ್ಲ, ಅದರ ಕೊನೆಗೂ ಸಮಾರಂಭಕ್ಕೂ ನಡುವೆ ಬಿದ್ದ ಅಂತರದಿಂದ. ಮೊದಲ ಅವಧಿ 1928ರ ಜುಲೈಯಲ್ಲಿ ಮುಗಿದರೆ, ಪ್ರತಿ ಶಾಖೆಯಿಂದ ಒಬ್ಬರಂತೆ ಆರಿಸಲ್ಪಟ್ಟ ಐವರು ತೀರ್ಪುಗಾರರ ನಿರ್ಣಯ ಪ್ರಕಟವಾದುದು 1929ರ ಫೆಬ್ರುವರಿಯಲ್ಲಿ. ಹಾಲಿವುಡ್ ರೂಸ್‌ವೆಲ್ಟ್ ಹೋಟೆಲಿನಲ್ಲಿ ಸುಮಾರು ಇನ್ನೂರೆಪ್ಪತ್ತು ಅತಿಥಿಗಳ ಮುಂದೆ ಪ್ರತಿಮೆಗಳನ್ನು ಹಂಚಿದುದು ಮೇ 16ರಂದು. ಒಂಬತ್ತೂವರೆ ತಿಂಗಳ ಈ ಅಂತರ ಶಾಂತವಾದ ಕಾಲದಲ್ಲಾದರೆ ಯಾರಿಗೂ ಬಾಧಕವಾಗುತ್ತಿರಲಿಲ್ಲ. ಆದರೆ ಆ ಒಂಬತ್ತೂವರೆ ತಿಂಗಳುಗಳಲ್ಲಿಯೇ ಮೂಕಿಚಿತ್ರವೆಂಬ ಒಂದು ಸಂಪೂರ್ಣ ಕಲೆ ಅಸ್ತಮಿಸುತ್ತಲಿತ್ತು, ಟಾಕಿ ಎಂಬ ಇನ್ನೊಂದು ಕಲೆ ಉದಯಿಸುತ್ತಲಿತ್ತು. ವಾರ್ನರ್ ಸಹೋದರರ 'ದಿ ಜಾಝ್ ಸಿಂಗರ್' 1927ರ ಅಕ್ಟೋಬರಿನಲ್ಲಿ ತೆರೆಕಂಡು, ಅರ್ಹತೆಯ ಅವಧಿಯ ಒಳಗೇ ಬರುತ್ತಿದ್ದರೂ, ಮಾತನಾಡುವ ಚಿತ್ರವನ್ನು ಮಾತಿಲ್ಲದ ಚಿತ್ರಗಳೊಡನೆ ತೂಗುವುದು ನ್ಯಾಯವಲ್ಲವೆಂದು ಅದನ್ನು ಮುಖ್ಯ ಸ್ಪರ್ಧೆಯಿಂದ ಬೇರ್ಪಡಿಸಿ ವಿಶೇಷ ಮನ್ನಣೆ ಕೊಟ್ಟರು. ಪರಿಣಾಮವಾಗಿ ಆ ಮೇ ತಿಂಗಳ ರಾತ್ರಿ ಸಭೆಯಲ್ಲಿ ಗೌರವಕ್ಕೆ ಪಾತ್ರವಾದುದು ಬಹುಮಟ್ಟಿಗೆ ಕಣ್ಮರೆಯಾಗುತ್ತಿದ್ದ ಒಂದು ಲೋಕ. ಚಿತ್ರದ ನಡುವೆ ತೋರಿಸುವ ಬರಹದ ಫಲಕಗಳ ಲೇಖಕನಿಗೆಂದು ಒಂದು ಪಾರಿತೋಷಕವಿತ್ತು. ಜೋಸೆಫ್ ಫಾರ್ನಮ್ ಅದನ್ನು ಪಡೆದರು. ಮರುಸಲ ಅದನ್ನು ಕೊಡಲಿಲ್ಲ, ಅನಂತರವೂ ಎಂದೂ ಕೊಡಲಿಲ್ಲ. ಶ್ರೇಷ್ಠ ನಟರೆಂದು ಆಯ್ಕೆಯಾದ ಎಮಿಲ್ ಯಾನಿಂಗ್ಸ್ ಸಮಾರಂಭದ ಹೊತ್ತಿಗೆ ಊರಿನಲ್ಲಿಯೇ ಇರಲಿಲ್ಲ. ಇಂಗ್ಲಿಷ್ ಟಾಕಿಗಳಿಗೆ ತಮ್ಮ ಜರ್ಮನ್ ಉಚ್ಚಾರಣೆ ಒಗ್ಗದೆಂಬುದು ಸ್ಪಷ್ಟವಾಗಿ, ಪ್ರತಿಮೆಯನ್ನು ಮುಂಗಡವಾಗಿಯೇ ಕೈಗೆ ಪಡೆದು ಸ್ವದೇಶಕ್ಕೆ ಹಿಂದಿರುಗಿದ್ದರು. ಅವಧಿ ಮುಗಿದಾಗ ಅವರು ಹಾಲಿವುಡ್ಡಿನ ಅಗ್ರಗಣ್ಯರಲ್ಲೊಬ್ಬರು, ಸಮಾರಂಭ ನಡೆದಾಗ ಅದರ ಗತಕಾಲಕ್ಕೆ ಸೇರಿದವರು. ತಡವಾಗಿ ಬಂದ ಗೌರವದ ವ್ಯಥೆಯನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಉದಾಹರಣೆ ಆ ಇತಿಹಾಸದಲ್ಲಿ ನನಗೆ ಕಾಣದು.

ಆ ಮೊದಲ ಗೆರೆ ಅಷ್ಟೇನೂ ಬಿಗಿಯಾದುದೂ ಆಗಿರಲಿಲ್ಲ. ಅತ್ಯುತ್ತಮ ಚಿತ್ರವೆನಿಸಿದ 'ವಿಂಗ್ಸ್' 1927ರ ಮೇ ತಿಂಗಳಲ್ಲಿಯೇ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಮೊದಲ ಪ್ರದರ್ಶನವನ್ನು ಕಂಡಿತ್ತು, ನ್ಯೂಯಾರ್ಕಿಗೆ ಬಂದುದು ಆಗಸ್ಟಿನಲ್ಲಿ. ಜಾನೆಟ್ ಗೇನರ್ ಅವರಿಗೆ ಕೀರ್ತಿ ತಂದ 'ಸೆವೆಂತ್ ಹೆವನ್' ಕೂಡ ಆ ಮೇ ತಿಂಗಳಿನದೇ. ಗೇನರ್ ಶ್ರೇಷ್ಠ ನಟಿಯೆನಿಸಿದುದು ಒಂದು ಚಿತ್ರಕ್ಕಾಗಿ ಅಲ್ಲ. 'ಸೆವೆಂತ್ ಹೆವನ್', 'ಸ್ಟ್ರೀಟ್ ಏಂಜಲ್', 'ಸನ್‌ರೈಸ್' ಎಂಬ ಮೂರನ್ನೂ ಕೂಡಿಸಿ. ಯಾನಿಂಗ್ಸರಿಗೂ ಎರಡು ಚಿತ್ರಗಳ ಆಧಾರದ ಮೇಲೆ. ಇಲ್ಲಿ ಗಮನಿಸತಕ್ಕ ತತ್ತ್ವವೊಂದಿದೆ. ಆರಂಭದ ತೀರ್ಪುಗಾರರು ಅಳೆಯಹೊರಟದ್ದು ಕಲಾವಿದನ ಒಂದು ವರ್ಷದ ದುಡಿಮೆಯನ್ನು. ಕೃಷಿಕನ ವರ್ಷವನ್ನು ಒಟ್ಟು ಫಸಲಿನಿಂದ ಬೆಲೆಕಟ್ಟುವಂತೆ, ಋತುವಿನ ಒಟ್ಟು ಸಾಧನೆಯೇ ಅವರ ಕಣ್ಣಮುಂದೆ ಇತ್ತು. ಬಿಡಿಯಾದ ಒಂದೊಂದು ಚಿತ್ರದ ಒಂದೊಂದು ಅಭಿನಯಕ್ಕೆ ಬಹುಮಾನವೆಂಬ ಪದ್ಧತಿ ಬಲವಾದುದು ಕೆಲವು ವರ್ಷಗಳ ತರುವಾಯ. ಆ ಹಳೆಯ ಭಾವನೆಯಲ್ಲಿ ಒಂದು ಔದಾರ್ಯವಿತ್ತು, ಅದನ್ನು ಕಳೆದುಕೊಂಡುದು ಲಾಭವೆಂದು ನನಗೆ ಅನ್ನಿಸುವುದಿಲ್ಲ.

ಎರಡನೆಯ ಅವಧಿ 1929ರ ಜುಲೈ 31ಕ್ಕೆ ಮುಗಿಯಿತು. ಸಮಾರಂಭ 1930ರ ಏಪ್ರಿಲ್ 3ರಂದು ಅಂಬಾಸಡರ್ ಹೋಟೆಲಿನಲ್ಲಿ. ಮತ್ತೆ ಎಂಟು ತಿಂಗಳ ವಿಳಂಬ. 'ದಿ ಬ್ರಾಡ್‌ವೇ ಮೆಲಡಿ' ಎಂಬ ಟಾಕಿ ಅಗ್ರಸ್ಥಾನವನ್ನು ಪಡೆಯಿತು, ಸಂಸ್ಥಾಪಕರಲ್ಲೊಬ್ಬರಾಗಿದ್ದ ಮೇರಿ ಪಿಕ್‌ಫರ್ಡ್ ಶ್ರೇಷ್ಠ ನಟಿಯಾದರು. ಬೆರಳೆಣಿಕೆಯ ತೀರ್ಪುಗಾರರ ಸಮಿತಿಯ ಮೇಲೆ ಟೀಕೆ ಎದ್ದು, ಮುಂದಿನ ಸಲದಿಂದ ಮತದಾನ ಎಲ್ಲ ಸದಸ್ಯರಿಗೂ ಪ್ರಾಪ್ತವಾಯಿತು. ಇದರೊಡನೆಯೇ ಅಕಾಡೆಮಿಯವರು ಅವಧಿಗೂ ಸಮಾರಂಭಕ್ಕೂ ನಡುವಣ ದೂರವನ್ನು ಒಮ್ಮೆಗೇ ತಗ್ಗಿಸಿಬಿಟ್ಟರು: 1930ರ ಜುಲೈಯಲ್ಲಿ ಮುಗಿದ ಮೂರನೆಯ ಅವಧಿಗೆ ಅದೇ ನವೆಂಬರಿನಲ್ಲಿಯೇ ಸಮಾರಂಭ ನಡೆಯಿತು. ಒಂದೇ ಇಸವಿಯಲ್ಲಿ ಎರಡು ಸಮಾರಂಭಗಳಾದ ರಹಸ್ಯ ಇಷ್ಟೆ. ಏಪ್ರಿಲಿನಲ್ಲಿ ಹಾಡುಕುಣಿತದ ಚಿತ್ರಕ್ಕೆ ಕಿರೀಟವಿಟ್ಟ ಸಭೆಯೇ ಏಳು ತಿಂಗಳಲ್ಲಿ 'ಆಲ್ ಕ್ವಯೆಟ್ ಆನ್ ದಿ ವೆಸ್ಟರ್ನ್ ಫ್ರಂಟ್' ಎಂಬ ಯುದ್ಧವಿರೋಧಿಯಾದ ಗಂಭೀರ ಕೃತಿಯನ್ನು ಎತ್ತಿಹಿಡಿದುದನ್ನು ನೋಡಿದರೆ, ಟಾಕಿ ಎಷ್ಟು ಶೀಘ್ರವಾಗಿ ಪ್ರೌಢವಾಯಿತೆಂಬುದೂ ತಿಳಿಯುತ್ತದೆ. 1931 ಮತ್ತು 1932ರಲ್ಲಿಯೂ ನವೆಂಬರಿನ ಕ್ರಮವೇ ಮುಂದುವರಿಯಿತು.

ಆಮೇಲೆ 1933 ಬಂದಿತು. ಅಮೆರಿಕದ ಆರ್ಥಿಕ ದುಃಸ್ಥಿತಿ ಪರಾಕಾಷ್ಠೆಗೆ ಏರಿದ್ದ ಆ ಮಾರ್ಚ್ ತಿಂಗಳಲ್ಲಿ ದೇಶದ ಬ್ಯಾಂಕುಗಳೆಲ್ಲ ಬಾಗಿಲು ಮುಚ್ಚಿದಾಗ, ಚಿತ್ರೋದ್ಯಮದ ನೌಕರರು ಎಂಟು ವಾರಗಳ ಕಾಲ ಸಂಬಳದಲ್ಲಿ ಅರ್ಧದವರೆಗೂ ಬಿಟ್ಟುಕೊಡಬೇಕೆಂಬ ಏರ್ಪಾಟಿಗೆ ಅಕಾಡೆಮಿ ಒಪ್ಪಿಗೆಯ ಮುದ್ರೆಯನ್ನೊತ್ತಿ, ಬರಹಗಾರರ ಮತ್ತು ನಟರ ವಿಶ್ವಾಸವನ್ನು ಬಹಳಮಟ್ಟಿಗೆ ಕಳೆದುಕೊಂಡಿತು. ಆ ವರ್ಷದಲ್ಲಿಯೇ ಬರಹಗಾರರ ಸಂಘ ಮರುಜೀವ ಪಡೆಯಿತು, ನಟರ ಸಂಘ ಹುಟ್ಟಿತು, ಅಕಾಡೆಮಿಯ ಅಧ್ಯಕ್ಷ ಕಾನ್ರಾಡ್ ನೇಗಲ್ ಪದತ್ಯಾಗ ಮಾಡಿದರು. ಇಂಥ ಕ್ಷೋಭೆಯ ಕಾಲದಲ್ಲಿ ನವೆಂಬರಿನ ಸಮಾರಂಭ ಜರುಗಲಿಲ್ಲ. 1932ರ ಆಗಸ್ಟ್ 1ಕ್ಕೆ ತೊಡಗಿದ್ದ ಅವಧಿ 1933ರ ಡಿಸೆಂಬರ್ 31ರವರೆಗೆ ವಿಸ್ತರಿಸಲ್ಪಟ್ಟು, ಮುಂದಿನ ಸಾಲಿನಿಂದ ಜನವರಿಗೆ ಮೊದಲಾಗಿ ಡಿಸೆಂಬರಿಗೆ ಮುಗಿಯುವ ಸಾಮಾನ್ಯ ಇಸವಿಯೇ ಪ್ರಮಾಣವಾಯಿತು. ಆರನೆಯ ಸಮಾರಂಭ 1934ರ ಮಾರ್ಚ್ 16ರಂದು ನಡೆದಾಗ, ಮೊದಲ ತಿಂಗಳಲ್ಲಿ ತೆರೆಕಂಡ ಚಿತ್ರಗಳಿಗೆ ಒಂದೂವರೆ ವರ್ಷ ದಾಟಿತ್ತು.

ಒಂದು ಕಾರ್ಯಾಲಯದ ಅನುಕೂಲಕ್ಕಾಗಿ ಕೂಡಿಸಿದ ಈ ಐದು ತಿಂಗಳುಗಳು ಮಾಡಿದ ಕೆಲಸವನ್ನು ತುಸು ನಿಧಾನವಾಗಿ ನೋಡಬೇಕು. ಅಂದು ಶ್ರೇಷ್ಠ ನಟಿಯ ಸ್ಥಾನಕ್ಕೆ ಹೆಸರಿಸಲ್ಪಟ್ಟವರು ಮೂವರು: 'ಮಾರ್ನಿಂಗ್ ಗ್ಲೋರಿ'ಯ ಕ್ಯಾಥರೀನ್ ಹೆಪ್‌ಬರ್ನ್, 'ಲೇಡಿ ಫಾರ್ ಎ ಡೇ'ಯ ಮೇ ರಾಬ್ಸನ್, 'ಕ್ಯಾವಲ್ಕೇಡ್'ನ ಡಯಾನಾ ವಿನ್ಯಾರ್ಡ್. ಇವುಗಳಲ್ಲಿ ಮೊದಲನೆಯದು 1933ರ ಆಗಸ್ಟಿನ ಚಿತ್ರ, ಎರಡನೆಯದು ಸೆಪ್ಟೆಂಬರಿನದು. ಹಳೆಯ ಗೆರೆಯೊಳಗೆ ಬರುತ್ತಿದ್ದುದು 'ಕ್ಯಾವಲ್ಕೇಡ್' ಒಂದೇ. ನಟರಲ್ಲಿಯೂ ಮೂವರೇ. 'ದಿ ಪ್ರೈವೇಟ್ ಲೈಫ್ ಆಫ್ ಹೆನ್ರಿ ದಿ ಎಯ್ತ್' ಚಿತ್ರದ ಚಾರ್ಲ್ಸ್ ಲಾಟನ್ ಅಕ್ಟೋಬರಿನವರು, 'ಬರ್ಕ್ಲಿ ಸ್ಕ್ವೇರ್'ನ ಲೆಸ್ಲಿ ಹವರ್ಡ್ ಸೆಪ್ಟೆಂಬರಿನವರು, ಪಾಲ್ ಮ್ಯೂನಿಯ ಚಿತ್ರ ಮಾತ್ರ ಹಿಂದಿನ ನವೆಂಬರಿನದು. ನಿರ್ದೇಶಕರಲ್ಲಿ ಫ್ರಾಂಕ್ ಲಾಯ್ಡ್ ಅವರದು ಹಳೆಯ ಅವಧಿಯ ಕೃತಿ, ಫ್ರಾಂಕ್ ಕಾಪ್ರಾ ಮತ್ತು ಜಾರ್ಜ್ ಕ್ಯೂಕರ್ ಅವರದು ಹೊಸದಾಗಿ ಸೇರಿದ ತಿಂಗಳುಗಳ ಕೃತಿಗಳು. ಹದಿನೇಳು ತಿಂಗಳಲ್ಲಿ ಮೊದಲ ಹನ್ನೆರಡು ಒಬ್ಬೊಬ್ಬರನ್ನೂ ಕೊನೆಯ ಐದು ಇಬ್ಬಿಬ್ಬರನ್ನೂ ಕೊಟ್ಟುವೆಂದರೆ, ಮನುಷ್ಯನ ಸ್ಮರಣೆ ನಿನ್ನೆಯ ಕಡೆಗೆ ಹೇಗೆ ವಾಲುತ್ತದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕೆ? ಅತ್ಯುತ್ತಮ ಚಿತ್ರಗಳ ಹತ್ತರ ಪಟ್ಟಿಯಲ್ಲಿ ಇಷ್ಟು ವೈಷಮ್ಯವಿರಲಿಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಅಲ್ಲಿ ಕೊನೆಯ ಐದು ತಿಂಗಳಿನವು ಮೂರೇ, ಗೆದ್ದುದೂ ಹಳೆಯ ಅವಧಿಯ 'ಕ್ಯಾವಲ್ಕೇಡ್'. ಆದರೆ ನಟನೆಯ ಎರಡು ಪಾರಿತೋಷಕಗಳೂ, ಹೆಪ್‌ಬರ್ನ್ ಅವರದೂ ಲಾಟನ್ ಅವರದೂ, ಸೇರಿಸಿದ ಆ ಐದು ತಿಂಗಳ ಕೊಡುಗೆಗಳು.

ಹಳೆಯ ಗೆರೆ ಅಳಿಯದೆ ಉಳಿದಿದ್ದರೆ ಏನಾಗುತ್ತಿತ್ತು? 1933ರ ಆಗಸ್ಟಿನಿಂದ 1934ರ ಜುಲೈಯವರೆಗಿನ ಒಂದೇ ಅವಧಿಯಲ್ಲಿ ಹೆಪ್‌ಬರ್ನ್ ಮತ್ತು ಲಾಟನ್ ಅವರ ಎದುರಿಗೆ, 1934ರ ಫೆಬ್ರುವರಿಯಲ್ಲಿ ತೆರೆಕಂಡ 'ಇಟ್ ಹ್ಯಾಪನ್ಡ್ ಒನ್ ನೈಟ್' ಚಿತ್ರದ ಕ್ಲಾಡೆಟ್ ಕೋಲ್ಬೇರ್ ಮತ್ತು ಕ್ಲಾರ್ಕ್ ಗೇಬಲ್ ನಿಲ್ಲುತ್ತಿದ್ದರು. ಚರಿತ್ರೆಯಲ್ಲಿ ಇವರು ನಾಲ್ವರೂ ವಿಜೇತರು, ಎರಡೆರಡು ಬೇರೆ ಸಾಲುಗಳಲ್ಲಿ. ಹಳೆಯ ಗಣನೆಯಲ್ಲಾದರೆ ಇಬ್ಬರಾದರೂ ಬರಿಗೈಯಲ್ಲಿ ಮನೆಗೆ ಹೋಗಬೇಕಾಗುತ್ತಿತ್ತು. ಆ ಇಬ್ಬರು ಯಾರೆಂದು ಊಹಿಸುವ ಧೈರ್ಯ ನನಗಿಲ್ಲ. ಯಾರ ಅಭಿನಯವೂ ಒಂದು ಎಳೆಯಷ್ಟೂ ಹೆಚ್ಚು ಕಡಿಮೆಯಾಗದೆ, ಬರಿಯ ಪಂಚಾಂಗದ ಬದಲಾವಣೆಯಿಂದ ಕೀರ್ತಿಯ ಹಂಚಿಕೆ ಇಷ್ಟು ಮಾರ್ಪಡಬಲ್ಲುದೆಂಬ ಅರಿವು, ಬಹುಮಾನಗಳ ಪಟ್ಟಿಯನ್ನು ಕಲೆಯ ಇತಿಹಾಸವೆಂದೇ ಓದುವ ನಮ್ಮ ಅಭ್ಯಾಸವನ್ನು ತಡೆದು ನಿಲ್ಲಿಸಬೇಕು.

ಏಳನೆಯ ಸಮಾರಂಭ 1935ರ ಫೆಬ್ರುವರಿ 27ರಂದು ನಡೆಯಿತು. ಅವಧಿ ಮುಗಿದು ಎರಡು ತಿಂಗಳೂ ಆಗಿರಲಿಲ್ಲ; ಮೊದಲ ಸಲದ ಒಂಬತ್ತೂವರೆ ತಿಂಗಳೆಲ್ಲಿ, ಇದೆಲ್ಲಿ! ಹೊಸ ಕ್ರಮದಿಂದ ಸ್ಪಷ್ಟತೆ ಬಂದಿತು, ಸಾಮಾನ್ಯ ಪ್ರೇಕ್ಷಕನಿಗೂ ಯಾವುದು ಯಾವ ವರ್ಷದ ಚಿತ್ರವೆಂಬುದು ತಿಳಿಯತೊಡಗಿತು. ಆದರೆ ಒಡನೆಯೇ ಡಿಸೆಂಬರಿಗೆ ಒಂದು ಹೊಸ ಮಹತ್ತ್ವವೂ ಪ್ರಾಪ್ತವಾಯಿತು. 'ಗಾನ್ ವಿತ್ ದಿ ವಿಂಡ್' ಲಾಸ್ ಏಂಜಲೀಸಿನಲ್ಲಿ ತೆರೆಕಂಡುದು 1939ರ ಡಿಸೆಂಬರ್ 28ರಂದು, ಇಸವಿ ಮುಗಿಯಲು ಮೂರು ದಿನ ಉಳಿದಿರುವಾಗ. ಎರಡು ತಿಂಗಳ ಬಳಿಕ, 1940ರ ಫೆಬ್ರುವರಿ 29ರಂದು, ಅದು ಸ್ಪರ್ಧೆಯ ಎಂಟು ಪಾರಿತೋಷಕಗಳನ್ನು ಗೆದ್ದಿತು. ಮತದಾರರ ಮನಸ್ಸಿನಲ್ಲಿ ಇನ್ನೂ ಬಣ್ಣ ಆರದಿರುವಾಗಲೇ ಚಿತ್ರವನ್ನು ಅವರ ಮುಂದಿಡುವ ಸ್ಟುಡಿಯೋಗಳ ತಂತ್ರ ಈ ವರ್ಷಾಂತ್ಯದ ಗೆರೆಯ ಮಗ್ಗುಲಲ್ಲಿಯೇ ಬೆಳೆಯಿತು. 'ಇಟ್ ಹ್ಯಾಪನ್ಡ್ ಒನ್ ನೈಟ್' ಫೆಬ್ರುವರಿಯಲ್ಲಿ ಬಂದು ಮುಂದಿನ ಫೆಬ್ರುವರಿಯಲ್ಲಿ ಐದು ಮುಖ್ಯ ಬಹುಮಾನಗಳನ್ನೂ ತನ್ನದಾಗಿಸಿಕೊಂಡಿತೆಂಬುದನ್ನು ಆ ತಂತ್ರವನ್ನು ನಂಬಿದವರು ಜ್ಞಾಪಿಸಿಕೊಂಡಿದ್ದರೆ ಚೆನ್ನಾಗಿತ್ತು.

ಕಾಲದ ಗೆರೆಗೆ ಸ್ಥಳದ ಗೆರೆಯೂ ಜೊತೆಗೂಡಿತು. ಚಿತ್ರ ಎಲ್ಲಿಯಾದರೂ ತೆರೆಕಂಡರೆ ಸಾಲದು, ಲಾಸ್ ಏಂಜಲೀಸ್ ಪ್ರಾಂತದಲ್ಲಿ ಹಣ ಕೊಟ್ಟು ನೋಡುವ ಪ್ರೇಕ್ಷಕರ ಮುಂದೆ ನಡೆಯಬೇಕೆಂಬುದು 2020ರವರೆಗೂ ನಿಯಮವಾಗಿತ್ತು. 'ಕ್ಯಾಸಬ್ಲಾಂಕಾ' ನ್ಯೂಯಾರ್ಕಿನಲ್ಲಿ ಮೊದಲು ತೋರಿಸಲ್ಪಟ್ಟುದು 1942ರ ನವೆಂಬರ್ 26ರಂದು, ಮಿತ್ರಪಕ್ಷದ ಸೈನ್ಯ ಉತ್ತರ ಆಫ್ರಿಕದಲ್ಲಿ ಇಳಿದ ಕೆಲವೇ ದಿನಗಳಲ್ಲಿ. ಲಾಸ್ ಏಂಜಲೀಸಿಗೆ ಅದು ಬರುವ ಹೊತ್ತಿಗೆ ಜನವರಿಯಾಗಿತ್ತು. ಆದುದರಿಂದ ಅದು 1943ರ ಚಿತ್ರವೆನಿಸಿ, 1942ರ ವಿಜೇತ 'ಮಿಸೆಸ್ ಮಿನಿವರ್'ನ ಎದುರು ನಿಲ್ಲುವ ಪ್ರಸಂಗವೇ ಬರದೆ, 1944ರ ಮಾರ್ಚಿಯಲ್ಲಿ ಅಗ್ರಪಾರಿತೋಷಕವನ್ನು ಪಡೆಯಿತು. ನೋಯೆಲ್ ಕವರ್ಡ್ ಅವರ 'ಇನ್ ವಿಚ್ ವಿ ಸರ್ವ್' ಎಂಬ ಬ್ರಿಟಿಷ್ ಚಿತ್ರವಂತೂ 1942ರ ಸಾಲಿನಲ್ಲಿ ವಿಶೇಷ ಗೌರವವನ್ನು ಪಡೆದು, 1943ರ ಸಾಲಿನಲ್ಲಿ ಅತ್ಯುತ್ತಮ ಚಿತ್ರದ ಸ್ಪರ್ಧೆಗೂ ನಿಂತಿತು.

ಇವೆಲ್ಲಕ್ಕಿಂತ ಮನಸ್ಸನ್ನು ಕಲಕುವುದು ಚಾಪ್ಲಿನ್ ಅವರ ಕಥೆ. ಮೊದಲ ಸಮಾರಂಭದಲ್ಲಿಯೇ 'ದಿ ಸರ್ಕಸ್' ಚಿತ್ರಕ್ಕಾಗಿ ಅವರನ್ನು ಸ್ಪರ್ಧೆಯಿಂದ ಹೊರತೆಗೆದು ವಿಶೇಷ ಪಾರಿತೋಷಕವನ್ನು ಕೊಟ್ಟಿದ್ದರು. 1952ರಲ್ಲಿ 'ಲೈಮ್‌ಲೈಟ್' ಸಿದ್ಧವಾಗಿ ಚಾಪ್ಲಿನ್ ಲಂಡನ್ನಿಗೆ ಹೊರಟಿದ್ದಾಗ, ಅಮೆರಿಕದ ಸರಕಾರ ಅವರ ಮರುಪ್ರವೇಶದ ಪರವಾನಗಿಯನ್ನು ರದ್ದುಮಾಡಿತು. ಅವರ ರಾಜಕೀಯ ಒಲವುಗಳನ್ನು ಸಹಿಸದವರ ಪ್ರತಿಭಟನೆಗೆ ಅಂಜಿ ಅನೇಕ ಚಿತ್ರಮಂದಿರಗಳು ಆ ಚಿತ್ರವನ್ನು ತೋರಿಸಲಿಲ್ಲ. ಲಾಸ್ ಏಂಜಲೀಸಿನಲ್ಲಿ ಅದು ಕ್ರಮವಾಗಿ ಪ್ರದರ್ಶಿತವಾದುದು 1972ರಲ್ಲಿ. ಆ ನಿಯಮದ ಅಕ್ಷರವನ್ನು ಹಿಡಿದರೆ ಇಪ್ಪತ್ತು ವರ್ಷ ಹಳೆಯದಾದ ಚಿತ್ರ ಆ ವರ್ಷದ ಹೊಸ ಚಿತ್ರವೇ ಆಯಿತು; 1973ರಲ್ಲಿ ಅದರ ಸಂಗೀತಕ್ಕಾಗಿ ಚಾಪ್ಲಿನ್ ಅವರಿಗೆ ಪಾರಿತೋಷಕ ದೊರೆಯಿತು. ಸ್ಪರ್ಧೆಯಲ್ಲಿ ನಿಂತು ಅವರು ಪಡೆದುದು ಅದೊಂದೇ. ಒಂದು ಜಡವಾದ ನಿಯಮ ಒಂದು ಅನ್ಯಾಯವನ್ನು ತುಸುವಾದರೂ ತೊಡೆಯಿತೆಂಬುದಕ್ಕೆ ನಾನು ಕೃತಜ್ಞನಾಗಿದ್ದೇನೆ.

ನಮ್ಮ ದೇಶದ ಆರಂಭದ ಪ್ರಶಸ್ತಿಗಳಿಗೂ ಗೆರೆಯ ಈ ಸಮಸ್ಯೆ ತಪ್ಪಲಿಲ್ಲ. ಫಿಲ್ಮ್‌ಫೇರ್ ಪತ್ರಿಕೆಯ ಮೊದಲ ಸಮಾರಂಭ 1954ರ ಮಾರ್ಚ್ 21ರಂದು ಮುಂಬಯಿಯಲ್ಲಿ ನಡೆದಾಗ ಅತ್ಯುತ್ತಮ ಚಿತ್ರವಾದುದು 1953ರ 'ದೋ ಬಿಘಾ ಜಮೀನ್'. ಆದರೆ ದಿಲೀಪ್ ಕುಮಾರರಿಗೆ ಪ್ರಶಸ್ತಿ ತಂದ 'ದಾಗ್', ಮೀನಾಕುಮಾರಿ ಮತ್ತು ನೌಷಾದರಿಗೆ ತಂದ 'ಬೈಜು ಬಾವರಾ', ಎರಡೂ 1952ರ ಚಿತ್ರಗಳು. ಭಾರತ ಸರಕಾರದ ರಾಷ್ಟ್ರಪ್ರಶಸ್ತಿಗಳ ಮೊದಲ ಪ್ರದಾನ 1954ರ ಅಕ್ಟೋಬರ್ 10ರಂದು. 1953ರ ಚಿತ್ರಗಳಲ್ಲಿ ಆಚಾರ್ಯ ಅತ್ರೆಯವರ 'ಶ್ಯಾಮ್‌ಚಿ ಆಯಿ' ಸ್ವರ್ಣಪದಕವನ್ನು ಪಡೆಯಿತು, ಮರುಸಾಲಿನಲ್ಲಿ ನಮ್ಮ 'ಬೇಡರ ಕಣ್ಣಪ್ಪ'ನಿಗೆ ಪ್ರಶಸ್ತಿಪತ್ರ ಬಂದಿತು. ಈ ರಾಷ್ಟ್ರಪ್ರಶಸ್ತಿಗಳು ತೆರೆಕಂಡ ದಿನವನ್ನು ಬಿಟ್ಟು ಸೆನ್ಸಾರ್ ಪ್ರಮಾಣಪತ್ರದ ದಿನವನ್ನೇ ಆಧಾರವಾಗಿ ಇಟ್ಟುಕೊಂಡಿರುವುದು ಬಹಳ ವಿವೇಕದ ಕ್ರಮ. ಚಿತ್ರಮಂದಿರ ದೊರೆಯದ ಸಣ್ಣ ಚಿತ್ರಗಳಿಗೂ ಅದರಿಂದ ಬಾಗಿಲು ತೆರೆದಿರುತ್ತದೆ. ಕನ್ನಡದ ರಾಜ್ಯಪ್ರಶಸ್ತಿಗಳು 1966-67ನೆಯ ಸಾಲಿನಿಂದ ಮೊದಲಾಗಿ, ಸರಕಾರದ ಆಯವ್ಯಯದ ವರ್ಷದಂತೆ ಜೋಡಿವರ್ಷದ ಹೆಸರನ್ನೇ ಹೊತ್ತು ಬಂದುವು. 2010-11ರ ಬಳಿಕ ಅವೂ 2011, 2012 ಎಂದು ಒಂಟಿ ಇಸವಿಗೆ ತಿರುಗಿದುವು. ಹಾಲಿವುಡ್ಡು 1934ರಲ್ಲಿ ದಾಟಿದ ಹೊಳೆಯನ್ನು ನಾವು ದಾಟಿದುದು ಎಪ್ಪತ್ತೇಳು ವರ್ಷಗಳ ತರುವಾಯ.

1934ರಿಂದ ಅಚಲವಾಗಿದ್ದ ಹಾಲಿವುಡ್ಡಿನ ಗೆರೆಯನ್ನು ಮತ್ತೆ ಅಲುಗಿಸಿದುದು 2020ರ ಮಹಾಮಾರಿ. ಮಾರ್ಚಿಯಿಂದ ಲಾಸ್ ಏಂಜಲೀಸಿನ ಚಿತ್ರಮಂದಿರಗಳು ಮುಚ್ಚಿದುವು. ತೆರೆಕಾಣಲು ತೆರೆಯೇ ಇಲ್ಲದಾಗ ನಿಯಮ ಬಾಗಲೇಬೇಕಾಯಿತು. 2020ರ ಜನವರಿ 1ಕ್ಕೆ ತೊಡಗಿದ ಅವಧಿಯನ್ನು 2021ರ ಫೆಬ್ರುವರಿ 28ರವರೆಗೆ, ಹದಿನಾಲ್ಕು ತಿಂಗಳಿಗೆ ಹಿಗ್ಗಿಸಿದರು. ಚಿತ್ರಮಂದಿರಕ್ಕೆಂದು ಸಿದ್ಧವಾಗಿ ಮನೆಯ ಪರದೆಯ ಮೇಲೆ ಮಾತ್ರ ಕಾಣಿಸಿಕೊಂಡ ಚಿತ್ರಗಳಿಗೂ ಪ್ರವೇಶ ಸಿಕ್ಕಿತು. 1933ರ ಐದು ತಿಂಗಳುಗಳಂತೆ ಈ ಎರಡು ತಿಂಗಳುಗಳೂ ಫಲ ಕೊಟ್ಟುವು. 'ದಿ ಫಾದರ್' ಅಮೆರಿಕದಲ್ಲಿ ಬಿಡುಗಡೆಯಾದುದು ಫೆಬ್ರುವರಿ 26ರಂದು, ಗಡಿಗೆ ಎರಡೇ ದಿನ ಉಳಿದಿರುವಾಗ. ಏಪ್ರಿಲ್ 25ರ ಸಮಾರಂಭದಲ್ಲಿ, ಮರೆವಿನಲ್ಲಿ ಕರಗಿಹೋಗುವ ವೃದ್ಧನ ಆ ಪಾತ್ರಕ್ಕಾಗಿ, ಆಂಥನಿ ಹಾಪ್ಕಿನ್ಸ್ ಎಂಬತ್ತಮೂರರ ವಯಸ್ಸಿನಲ್ಲಿ ಶ್ರೇಷ್ಠ ನಟರೆನಿಸಿದರು. ಹೀಗೆ ಹಿಗ್ಗಿಸಿದುದನ್ನು ಸರಿದೂಗಿಸಲು ಮುಂದಿನ ಸಾಲಿನ ಅವಧಿಯನ್ನು ಮಾರ್ಚ್ 1ರಿಂದ ಡಿಸೆಂಬರ್ 31ರವರೆಗೆ ಹತ್ತೇ ತಿಂಗಳಿಗೆ ಇಳಿಸಿ, 2022ರ ಜನವರಿಯಿಂದ ಅಕಾಡೆಮಿ ಮತ್ತೆ ಹನ್ನೆರಡು ತಿಂಗಳ ಇಸವಿಗೆ ಮರಳಿತು.